ಭಂಡಾರ ಹಚ್ಚಿದ ನಟ್ಟು

ಗ್ಯಾರೇಜಿನ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಹತ್ತಿರ ಬಂದು ಕೂತರೆ ಕೇಳುವುದು ಒಂದೇ ಮಾತು. ಈ ಕೆಲಸಕ್ಕೆ ಮುಖ್ಯವಾಗಿ ಏನು ಬೇಕು, ರಟ್ಟೆಯಲ್ಲಿ ಕಸುವೋ ತಲೆಯಲ್ಲಿ ಬುದ್ಧಿಯೋ ಎಂದು. ಅಂಜಿಕೆ ಬೇಕು ಎನ್ನುತ್ತೇನೆ. ಅವರಿಗೆ ಅದು ರುಚಿಸುವುದಿಲ್ಲ. ಮುದುಕನಿಗೆ ತಮಾಷೆ ಹೆಚ್ಚು ಎಂದುಕೊಂಡು ಚಹಾ ಕುಡಿದು ಎದ್ದು ಹೋಗುತ್ತಾರೆ. ಅವರು ಹೋದ ಮೇಲೆ ನಾನು ಒಬ್ಬನೇ ಕೂತು, ಹೇಳಬೇಕಾದ್ದನ್ನು ಮತ್ತೆ ಹೇಳಲಿಲ್ಲವಲ್ಲ ಎಂದು ಪೇಚಾಡುತ್ತೇನೆ. ಅದನ್ನೀಗ ಬರೆದಿಡುತ್ತಿದ್ದೇನೆ. ಎಷ್ಟು ಗಾಡಿ ರಿಪೇರಿ ಮಾಡಿದೆ, ಯಾವಾಗ ಬಡ್ತಿ ಸಿಕ್ಕಿತು ಎಂಬುದನ್ನೆಲ್ಲ ಬಿಡುತ್ತೇನೆ. ಒಂದೇ ಗಾಡಿಯ ಕಥೆ ಹೇಳಿದರೆ ಸಾಕು. ಆ ಗಾಡಿಯನ್ನು ನಾನು ಒಂದು ಸಲ ಕೆಡಿಸಿದೆ, ಒಂದು ಸಲ ಕಟ್ಟಿದೆ. ನಡುವೆ ಇಪ್ಪತ್ತು ವರ್ಷ ಸುಮ್ಮನಿದ್ದೆ.

ನಮ್ಮದು ಸಂಪಗಾಂವದ ಪೂಜಾರಿಕೆಯ ಮನೆತನ. ತಂದೆಯವರು ಮಂತ್ರ ಕಲಿಸಿದರು, ನಾನು ಐಟಿಐ ಕಲಿತೆ. ಗ್ರೀಸ್ ಹತ್ತಿದ ಕೈಯಿಂದ ದೇವರನ್ನು ಮುಟ್ಟುತ್ತಾನೆಂದು ಮನೆಯಲ್ಲಿ ಗಲಾಟೆ. ಮಂತ್ರ ಬರುವವನೊಬ್ಬ ಸಿಕ್ಕನೆಂದು ವರ್ಕ್‌ಶಾಪಿನಲ್ಲಿ ಖುಷಿ. ಸವದತ್ತಿಯಲ್ಲಿ ಒಂದು ಇಲಾಖೆಯ ವರ್ಕ್‌ಶಾಪು ಅದು. ಸೇರಿದ ವರ್ಷದಿಂದಲೇ ಖಂಡೆ ಪೂಜೆ, ಅಂದರೆ ದಸರೆಯ ಆಯುಧ ಪೂಜೆ, ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹೆಸರು ಯಾರಿಗೂ ನೆನಪಿರಲಿಲ್ಲ, ಎಲ್ಲರಿಗೂ ನಾನು ಭಟ್ರು.

ನಮ್ಮ ಹೆಡ್ ಮಿಸ್ತ್ರಿ ಮಕ್ತುಮಸಾಬರು. ಓದು ಬರಹ ಕಡಿಮೆ, ಕಿವಿ ಮಾತ್ರ ಭಾರಿ ಚುರುಕು. ಇಂಜಿನ್ನಿನ ಮೇಲೆ ಸ್ಕ್ರೂ ಡ್ರೈವರ್ ಇಟ್ಟು ಅದರ ಹಿಡಿಗೆ ಕಿವಿ ಹಚ್ಚಿದರೆ ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದರು. ಈಗಿನವರು ಕಂಪ್ಯೂಟರ್ ಹಚ್ಚಿ ಹೇಳುವುದನ್ನು ಅವರು ಬೀಡಿ ಸೇದುತ್ತ ಹೇಳುತ್ತಿದ್ದರು. ಅವರು ಮಾಡಿದ ಒಂದು ಪದ್ಧತಿ ವರ್ಕ್‌ಶಾಪಿನಲ್ಲಿ ಕಾನೂನಿನಂತೆ ನಡೆಯುತ್ತಿತ್ತು. ಗಾಲಿಯ ನಟ್ಟನ್ನಾಗಲಿ ಬ್ರೇಕಿನ ನಟ್ಟನ್ನಾಗಲಿ ಪೂರ್ತಿ ಬಿಗಿದ ಮೇಲೆ ಅದಕ್ಕೊಂದು ಬೊಟ್ಟು ಇಡಬೇಕು. ಬಿಗಿದವನೇ ಇಡಬೇಕು. ಬೊಟ್ಟು ಇಲ್ಲದ ನಟ್ಟು ಎಂದರೆ ಇನ್ನೂ ಕೈ ಸಡಿಲಿನಲ್ಲಿದೆ ಎಂದರ್ಥ. ಬಣ್ಣದ ಡಬ್ಬಿಗೆ ಅರ್ಜಿ ಬರೆದು ಬರೆದು ಸಾಕಾಗಿ ಅವರು ಕೊನೆಗೆ ಹಿಡಿದದ್ದು ಯಲ್ಲಮ್ಮನ ಭಂಡಾರವನ್ನು. ದೇವಿಯ ಗುಡ್ಡದ ಕಡೆ ಹೋದ ಡ್ರೈವರುಗಳೆಲ್ಲ ಪೊಟ್ಟಣ ಕಟ್ಟಿಕೊಂಡು ಬರುತ್ತಿದ್ದರು, ವರ್ಕ್‌ಶಾಪಿನಲ್ಲಿ ಅರಿಶಿಣದ ಆ ಪುಡಿಗೆ ಎಂದೂ ಬರವಿರಲಿಲ್ಲ. ಒಂದು ಹನಿ ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ವಾರಗಟ್ಟಲೆ ಉಳಿಯುತ್ತಿತ್ತು. ಐದು ಹೊತ್ತು ನಮಾಜು ಮಾಡುವ ನೀವು ದೇವಿಯ ಭಂಡಾರ ಹಚ್ಚುತ್ತೀರಲ್ಲ ಎಂದು ನಾನೊಮ್ಮೆ ಕೆಣಕಿದ್ದೆ. ಕರಿ ಕಬ್ಬಿಣದ ಮೇಲೆ ಹಳದಿ ಚೆನ್ನಾಗಿ ಕಾಣುತ್ತದೆ, ಕಣ್ಣಿಗೆ ಜಾತಿ ಇಲ್ಲ ಎಂದಿದ್ದರು.

ಸೇರಿದ ಹೊಸದರಲ್ಲಿ ನಾನೊಂದು ಘನಂದಾರಿ ಕೆಲಸ ಮಾಡಿದೆ. ಸಾಹೇಬರ ಜೀಪಿನ ಬ್ರೇಕ್ ಆಯಿಲ್ ಕಡಿಮೆಯಾಗಿತ್ತು. ಡಬ್ಬಿ ನೋಡದೆ ಇಂಜಿನ್ ಆಯಿಲ್ ಸುರಿದುಬಿಟ್ಟೆ. ಆ ಎಣ್ಣೆಗೆ ಬ್ರೇಕಿನ ರಬ್ಬರುಗಳು ಉಬ್ಬಿ ಕೂತುಬಿಡುತ್ತವೆ. ರಾಮದುರ್ಗದ ರಸ್ತೆಯಲ್ಲಿ ನಾಲ್ಕೂ ಗಾಲಿ ಜಾಮ್ ಆಗಿ ಸಾಹೇಬರು ಬಿಸಿಲಲ್ಲಿ ಎರಡು ತಾಸು ನಿಂತರು. ವಾಪಸು ಬಂದವರು ನನ್ನ ಜನ್ಮ ಜಾಲಾಡಿದರು. ಮಿಸ್ತ್ರಿಯವರು ಬೈಯಲಿಲ್ಲ. ಉಬ್ಬಿದ ರಬ್ಬರೊಂದನ್ನು ತೆಗೆದು ನನ್ನ ಅಂಗಿಯ ಕಿಸೆಗೆ ಹಾಕಿದರು.

"ಇದನ್ನ ಕಿಸೇದಾಗ ಇಟ್ಕೊ, ಭಟ್ಟ. ಕೈ ಹಾಕಿದಾಗೊಮ್ಮೆ ಸಿಗಬೇಕು. ಇವತ್ತ ಗಾಡಿ ನಿಂತು ಹೋತು, ನಮ್ಮ ನಸೀಬು. ನಿಲ್ಲದಂಗ ಆಗಿದ್ರ?"

ಆ ರಬ್ಬರನ್ನು ಒಂದು ತಿಂಗಳು ಇಟ್ಟುಕೊಂಡಿದ್ದೆ. ಅವತ್ತಿನಿಂದ ಹತ್ತಿದ ಅಂಜಿಕೆ ಬಿಡಲಿಲ್ಲ. ನಾನು ಬಿಟ್ಟ ಗಾಡಿ ಗೇಟು ದಾಟಿದರೆ, ಅದು ತಿರುಗಿ ಬರುವತನಕ ಹತ್ತು ಸಲ ಗೇಟಿಗೆ ಹೋಗಿ ರಸ್ತೆ ನೋಡುತ್ತಿದ್ದೆ. ಇಷ್ಟು ಅಂಜುವ ನಾನೇ ಮುಂದೆ ಅಂಥ ತಪ್ಪು ಮಾಡಿದೆ. ಅಂಜಿಕೆಯೊಂದೇ ಸಾಲದು ಎಂಬುದನ್ನೂ ಹುಡುಗರಿಗೆ ಹೇಳಬೇಕು.

ಇಲಾಖೆಯಲ್ಲಿ ಒಂದು ಫೋರ್‌ವ್ಹೀಲ್ ಪಿಕಪ್ ಇತ್ತು. ಮುಂದೆ ಮೂವರು ಕೂರುವ ಕ್ಯಾಬಿನ್, ಹಿಂದೆ ಸಾಮಾನಿಗೆ ತೆರೆದ ತೊಟ್ಟಿ, ಗೇರಿನ ಪಕ್ಕ ಇನ್ನೊಂದು ಸಣ್ಣ ಲಿವರ್. ಆ ಲಿವರ್ ಎಳೆದರೆ ಮುಂದಿನ ಗಾಲಿಗಳಿಗೂ ಇಂಜಿನ್ನಿನ ಶಕ್ತಿ ಸಿಗುತ್ತಿತ್ತು. ನಮ್ಮ ಕಡೆಯ ಕಪ್ಪು ಎರಿ ಮಣ್ಣು ಮಳೆಗಾಲದಲ್ಲಿ ಎಂಥದೆಂದು ನೋಡಿದವರಿಗೇ ಗೊತ್ತು. ಚಪ್ಪಲಿ ಕಿತ್ತುಕೊಳ್ಳುವ ಆ ಕೆಸರಿನಲ್ಲಿ ಬೇರೆ ಗಾಡಿಗಳು ಹೂತು ಕೂತಾಗ ಇದು ಗುರುಗುಡುತ್ತ ದಾಟಿಬರುತ್ತಿತ್ತು. ಅದರ ಡ್ರೈವರ್ ಫಕೀರಪ್ಪ. ರಾಮದುರ್ಗದ ಕಡೆಯ ಹಳ್ಳಿಯವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಗಾಡಿಯನ್ನು ತನ್ನ ಎತ್ತಿನಂತೆ ಜೋಪಾನ ಮಾಡುತ್ತಿದ್ದ, ಅದಕ್ಕೆ ಯಾರಾದರೂ ಒರಗಿ ನಿಂತರೂ ಅವನಿಗೆ ಆಗುತ್ತಿರಲಿಲ್ಲ.

ಆ ವರ್ಷ ಖಂಡೆ ಪೂಜೆಯ ದಿನ ಬೆಳಗ್ಗೆ ನಾನು ಆ ಪಿಕಪ್ಪಿನ ಹಿಂದಿನ ಎಡಗಾಲಿ ಬಿಚ್ಚಿ ಬ್ರೇಕ್ ಲೈನರ್ ಹಾಕುತ್ತಿದ್ದೆ. ಕೆಲಸ ಮುಗಿಯುತ್ತ ಬಂದಿತ್ತು. ಗಾಲಿ ಏರಿಸಿ ಐದೂ ನಟ್ಟುಗಳನ್ನು ಕೈಯಿಂದ ತಿರುಗಿಸಿ ಕೂರಿಸಿದ್ದೆ. ಪಾನಾ ಹಿಡಿದು ಬಿಗಿಯುವುದೊಂದು ಬಾಕಿ. ಅಷ್ಟರಲ್ಲಿ ಸಾಹೇಬರು ಬಂದರೆಂದು, ಮುಹೂರ್ತ ಮೀರುತ್ತದೆಂದು ಕರೆ ಬಂತು. ಗಾಡಿಗಳೆಲ್ಲ ಸಾಲಾಗಿ ನೆಲದ ಮೇಲೆ ನಿಂತಿರಬೇಕು ಎಂದು ಯಾರೋ ಜಾಕ್ ಇಳಿಸಿದರು. ನಾನು ಕೈ ತೊಳೆದು, ಸ್ನಾನ ಮಾಡಿ, ಮಡಿ ಉಟ್ಟು ಪೂಜೆಗೆ ನಿಂತೆ. ಪಾನಾ, ಸುತ್ತಿಗೆ, ಜಾಕು, ಲೇಥು, ಎಲ್ಲಕ್ಕೂ ಭಂಡಾರ ಹಚ್ಚಿದೆ. ಆಮೇಲೆ ಗಾಡಿಗಳ ಸಾಲಿಗೆ ಬಂದು ಬಾನೆಟ್ಟಿಗೆ, ಸ್ಟೇರಿಂಗಿಗೆ, ಗಾಲಿಗಳಿಗೆ ಹಚ್ಚಿದೆ. ಬಾಯಲ್ಲಿ ಮಂತ್ರ ನಡೆದಿತ್ತು, ಕೈ ತನ್ನ ಪಾಡಿಗೆ ತಾನು ನಡೆದಿತ್ತು. ನಟ್ಟು ಕಂಡಲ್ಲೆಲ್ಲ ಬೊಟ್ಟು ಇಡುವುದು ಆ ಕೈಗೆ ದಿನದ ರೂಢಿ.

ಮರುದಿನ ಬನ್ನಿ ಹಬ್ಬ, ರಜೆ. ರಜೆ ಮುಗಿಸಿ ಬಂದಾಗ ಫಕೀರಪ್ಪ ಅವಸರದಲ್ಲಿ ನಿಂತಿದ್ದ. ಗುಡ್ಡದ ಮೇಲೆ ನೀರಿನ ಬ್ಯಾರಲ್ಲುಗಳನ್ನು ಇಳಿಸಿ ಖಾಲಿಯಾದವನ್ನು ತರಬೇಕಿತ್ತು. ನಾನು ಗಾಡಿಯನ್ನೊಂದು ಸುತ್ತು ಹಾಕಿದೆ. ಹಿಂದಿನ ಎಡಗಾಲಿಯಲ್ಲಿ ಐದೂ ನಟ್ಟುಗಳ ಮೇಲೆ ಹಳದಿ ಬೊಟ್ಟು ನೋಡಿದೆ. ಬಿಗಿದಿದ್ದೇನೆ ಎಂದುಕೊಂಡೆ. ರಜಿಸ್ಟರಿನಲ್ಲಿ ಸಹಿ ಮಾಡಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಬಂತು. ಗುಡ್ಡ ಇಳಿಯುವ ತಿರುವಿನಲ್ಲಿ ಗಾಲಿ ಕಳಚಿ ಗಾಡಿ ಮಗುಚಿತ್ತು. ಫಕೀರಪ್ಪ ಬದುಕಿದ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆಸ್ಪತ್ರೆಗೆ ನಾನು ಒಂದೇ ಸಲ ಹೋದೆ. ಹಿಂದೆ ಕಟಕಟ ಸದ್ದು ಕೇಳುತ್ತಿತ್ತು, ಖಾಲಿ ಬ್ಯಾರಲ್ ಎಂದುಕೊಂಡೆ ಎಂದು ಹೇಳಿ ಅವನು ನನ್ನ ಮುಖ ನೋಡಿದ.

"ಭಟ್ರ, ಗಾಲಿ ಬಿಗಿದಿದ್ರಿ ಹೌದಲ್ರಿ?"

"ಭಂಡಾರ ಇತ್ತು ಫಕೀರಪ್ಪ. ಐದೂ ನಟ್ಟಿಗೆ ಇತ್ತು, ನಾನ ನೋಡೇನಿ."

"ಭಂಡಾರ ಇತ್ತಂದ್ರ ಮುಗೀತು ಬಿಡ್ರಿ. ನಂದ ತಪ್ಪ ಇರಬೇಕು. ಕಲ್ಲಿಗೆ ಬಡಸಿರಬೇಕು."

ಅವತ್ತು ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ನನಗೂ ಹಾಗೇ ಅನ್ನಿಸಿತ್ತು. ವಿಚಾರಣೆಗೆ ಬಂದ ಅಧಿಕಾರಿ ತಿರುವಿನ ಕಲ್ಲು ನೋಡಿದ, ರಜಿಸ್ಟರ್ ನೋಡಿದ, ಗಾಲಿಯನ್ನು ಯಾರೂ ನೋಡಲಿಲ್ಲ. ಚಾಲಕನ ಅಜಾಗರೂಕತೆ ಎಂದು ಬರೆದು ಮುಗಿಸಿದರು. ಫಕೀರಪ್ಪನನ್ನು ಕೆಲಸದಿಂದ ತೆಗೆದರು.

ಮರುವರ್ಷದ ಖಂಡೆ ಪೂಜೆಯಲ್ಲಿ ಮತ್ತೆ ತಟ್ಟೆ ಹಿಡಿದು ಗಾಡಿಗಳ ಸಾಲಿನ ಮುಂದೆ ಬಂದೆ. ಮಂತ್ರ ಹೇಳುತ್ತ ಒಂದು ಗಾಲಿಯ ನಟ್ಟಿಗೆ ಬೊಟ್ಟು ಇಟ್ಟೆ. ಇಟ್ಟ ಬೆರಳು ಅಲ್ಲೇ ನಿಂತಿತು. ಹಿಂದಿನ ವರ್ಷ ಬಿಗಿದ ನೆನಪು ಎಷ್ಟು ಹುಡುಕಿದರೂ ಸಿಗಲಿಲ್ಲ. ಕೈ ತೊಳೆದದ್ದು ನೆನಪಿತ್ತು, ಸ್ನಾನ ನೆನಪಿತ್ತು, ಮಡಿ ನೆನಪಿತ್ತು, ಪಾನಾ ಹಿಡಿದದ್ದು ಮಾತ್ರ ಇರಲಿಲ್ಲ. ಮಂತ್ರ ನಡುವೆಯೇ ತಪ್ಪಿತು. ಸಾಹೇಬರು ನಕ್ಕು, ಭಟ್ಟರಿಗೆ ವಯಸ್ಸಾಯಿತು ಎಂದರು.

ಮಿಸ್ತ್ರಿಯವರು ಆಗಲೇ ನಿವೃತ್ತರಾಗಿದ್ದರು. ಹೇಳಲು ಬೇರೆ ಯಾರೂ ಇರಲಿಲ್ಲ ಎಂದು ನಾನು ನನಗೇ ಹೇಳಿಕೊಂಡೆ. ಅದು ನೆಪ. ಸಾಹೇಬರಿದ್ದರು, ಫಕೀರಪ್ಪನಿದ್ದ, ಮನೆಯಲ್ಲಿ ಹೆಂಡತಿ ಇದ್ದಳು. ಕೆಲಸ ಹೋದೀತು, ಜೈಲಾದೀತು, ಮನೆತನದ ಹೆಸರು ಕೆಟ್ಟೀತು ಎಂದು ಅಂಜಿದೆ. ಮೊದಲಿನ ಅಂಜಿಕೆ ಗಾಡಿಯ ಬಗ್ಗೆ ಇತ್ತು, ಅದರಿಂದ ಕೆಲಸ ಚೊಕ್ಕಟವಾಗುತ್ತಿತ್ತು. ಈ ಎರಡನೆಯದು ನನ್ನ ಬಗ್ಗೆ, ಇದರಿಂದ ಬಾಯಿ ಕಟ್ಟಿತು. ಎರಡನ್ನೂ ಅಂಜಿಕೆ ಎಂದೇ ಕರೆಯುವುದರಿಂದ ಎಷ್ಟೋ ವರ್ಷ ನನ್ನನ್ನು ನಾನು ಒಳ್ಳೆಯ ಮೆಕ್ಯಾನಿಕ್ ಎಂದು ನಂಬಿಸಿಕೊಂಡೆ.

ಪಿಕಪ್ಪನ್ನು ಯಾರೂ ರಿಪೇರಿ ಮಾಡಿಸಲಿಲ್ಲ. ವರ್ಕ್‌ಶಾಪಿನ ಹಿಂದೆ ಜಾಲಿಯ ಪೊದೆಯಲ್ಲಿ ಅದು ನಿಂತೇ ಇತ್ತು. ಕೆಲವು ವರ್ಷಗಳ ಮೇಲೆ ಗುಜರಿಗೆ ಹರಾಜಾದಾಗ ಅದನ್ನು ಕೊಂಡವನು ಕಂಕುಳಲ್ಲಿ ಕೋಲು ಹಿಡಿದು ಬಂದ ಫಕೀರಪ್ಪ. ಕಾಲಿಲ್ಲದವನಿಗೆ ಗಾಡಿ ಯಾಕೆ ಎಂದು ಎಲ್ಲರೂ ಆಡಿಕೊಂಡರು. ನಾನು ಅವತ್ತು ಸ್ಟೋರ್ ರೂಮಿನಲ್ಲಿ ಅಡಗಿ ಕೂತಿದ್ದೆ.

ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ಒಂದು ದಿನ ಸವದತ್ತಿಯ ನಮ್ಮ ಮನೆಯ ಬಾಗಿಲಿಗೆ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಂದಳು. ಫಕೀರಪ್ಪನ ಹೆಂಡತಿ ಪಾರವ್ವ. ಅವನು ತೀರಿಕೊಂಡು ಮೂರು ವರ್ಷವಾಯಿತೆಂದು ಅವಳಿಂದಲೇ ತಿಳಿದದ್ದು. ಮಲಪ್ರಭೆಯ ದಂಡೆಯಲ್ಲಿ ಅವಳದು ಕಾಯಿಪಲ್ಲೆಯ ತೋಟ. ಮಳೆ ಹಿಡಿದರೆ ಹೊಲದ ದಾರಿಯಲ್ಲಿ ಯಾವ ಟೆಂಪೋದವನೂ ಬರುವುದಿಲ್ಲ, ಕಿತ್ತ ಬದನೆಕಾಯಿ ಅಲ್ಲೇ ಕೊಳೆಯುತ್ತದೆ. ಅಣ್ಣನ ಟ್ರ್ಯಾಕ್ಟರ್ ಹೊಡೆದು ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದಾಳೆ. ಮನೆಯ ಹಿಂದೆ ನಿಂತ ಪಿಕಪ್ಪನ್ನು ಹೊಸದು ಮಾಡಿಕೊಡಬೇಕು, ತಾನೇ ಹೊಡೆಯುತ್ತೇನೆ ಎಂದಳು. ನನ್ನ ಹತ್ತಿರವೇ ಯಾಕೆ ಬಂದಿರಿ ಎಂದು ಕೇಳಿದೆ.

"ನಮ್ಮನಿಯವರು ಹೇಳತಿದ್ರು. ಆ ವರ್ಕ್‌ಶಾಪಿನಾಗ ಭಟ್ರೊಬ್ಬರ ಕೈ ನಂಬಬೇಕು, ಅವರು ಅಂಜಿ ಅಂಜಿ ಕೆಲಸಾ ಮಾಡ್ತಾರ ಅಂತಿದ್ರು."

ಆಗಲಿ, ಮಾಡಿಕೊಡುತ್ತೇನೆ ಎಂದೆ. ಅವಳು ಹೋದ ಮೇಲೆ, ಅಷ್ಟು ಹಳೆಯ ಗಾಡಿ ಯಾಕೆ ಮೈಮೇಲೆ ಹಾಕಿಕೊಂಡಿರಿ ಎಂದು ಹೆಂಡತಿ ಕೇಳಿದಳು. ನಾನು ಪಾನಾದ ಚೀಲ ಹುಡುಕಲು ಎದ್ದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಮೂವತ್ನಾಲ್ಕು ವರ್ಷ ಕೆಲಸ ಮಾಡಿದರೂ ಒಂದು ಗಾಡಿಯನ್ನು ಪೂರ್ತಿ ಬಿಚ್ಚಿ ಪೂರ್ತಿ ಕಟ್ಟಿದವನಲ್ಲ ನಾನು. ಸರಕಾರಿ ವರ್ಕ್‌ಶಾಪಿನಲ್ಲಿ ಕೆಟ್ಟದ್ದನ್ನು ಬದಲಾಯಿಸಿ ಕಳಿಸುತ್ತೇವೆ, ಅಷ್ಟೇ. ಚಾಸಿ ಒಂದೇ ಉಳಿಯುವಂತೆ ಬಿಚ್ಚಿದ್ದು ಇದೇ ಮೊದಲು. ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಹೊಸಬನಾದೆ. ವಾರಕ್ಕೆ ಮೂರು ದಿನ ಬೆಳಗಿನ ಬಸ್ಸು ಹಿಡಿದು ಅವಳ ಹಿತ್ತಲಿಗೆ ಹೋಗುತ್ತಿದ್ದೆ. ಬಾನೆಟ್ ತೆಗೆದರೆ ಏರ್ ಫಿಲ್ಟರಿನಲ್ಲಿ ಇಲಿಗಳ ಸಂಸಾರ. ಸೀಟಿನ ಕೆಳಗೆ ಹಾವಿನ ಪೊರೆ. ಪೊರೆ ಕಂಡ ದಿನ ನಾನು ಗಾಡಿಯ ಹತ್ತಿರ ಹೋಗಲಿಲ್ಲ. ಪಾರವ್ವ ಕೋಲಿನಿಂದ ಎಲ್ಲ ಕಡೆ ಕೆದಕಿ ನೋಡಿ, ಹಳೇದ ಐತಿ ಬರ್ರಿ ಎಂದ ಮೇಲೆ ಹೋದೆ.

ಮೊದಲ ತಿಂಗಳೇ ಹೊಸಬರ ತಪ್ಪು ಮಾಡಿದೆ. ಎಲ್ಲ ನೆನಪಿರುತ್ತದೆ ಎಂಬ ಜಂಬದಲ್ಲಿ ಬಿಚ್ಚಿದ್ದನ್ನೆಲ್ಲ ಒಂದೇ ಗೋಣಿತಟ್ಟಿನ ಮೇಲೆ ರಾಶಿ ಹಾಕಿದೆ. ಮುಂದಿನ ಗಾಲಿಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯನ್ನು ಜೋಡಿಸಿ ಮುಗಿಸಿದಾಗ ಎರಡು ವಾಶರುಗಳು ಕೈಯಲ್ಲಿ ಉಳಿದವು. ಮತ್ತೆ ಬಿಚ್ಚಿದೆ, ಜೋಡಿಸಿದೆ, ಒಂದು ಉಳಿಯಿತು. ಮೂರನೆಯ ಸಲಕ್ಕೆ ಸರಿಯಾಯಿತು. ಆಮೇಲೆ ಪ್ರತಿಯೊಂದು ತುಂಡು ಬಿಚ್ಚುವ ಮುನ್ನ ಪಾರವ್ವನ ಮೊಬೈಲಿನಲ್ಲಿ ಫೋಟೋ ತೆಗೆಸಿದೆ. ನಮ್ಮ ಕಾಲದಲ್ಲಿ ಈ ಅನುಕೂಲವಿರಲಿಲ್ಲ, ಇದ್ದವರು ಬಳಸಿಕೊಳ್ಳಿ. ಆ ಪೆಟ್ಟಿಗೆಯ ಹಲ್ಲು ಮುರಿದ ಗೇರಿಗಾಗಿ ಎರಡು ತಿಂಗಳು ಅಲೆದು ಕೊನೆಗೆ ಕಿತ್ತೂರಿನ ಹತ್ತಿರ ಹೆದ್ದಾರಿ ಪಕ್ಕದ ಗುಜರಿಯಲ್ಲಿ ಒಂದನ್ನು ಹುಡುಕಿ ತಂದೆ. ಕ್ಯಾಬಿನ್ನನ್ನು ಟ್ರ್ಯಾಕ್ಟರಿನ ಮೇಲೆ ಹೇರಿ ಬೈಲಹೊಂಗಲಕ್ಕೆ ಒಯ್ದು, ಅಲ್ಲಿಯ ತಗಡಿನ ಕೆಲಸದವನಿಂದ ತುಕ್ಕು ಕತ್ತರಿಸಿ ಹೊಸ ತಗಡಿನ ಬೆಸುಗೆ ಹಾಕಿಸಿದೆವು. ಬಣ್ಣ ಯಾವುದು ಎಂದು ಅವನು ಕೇಳಿದ. ನಾನು ಹೇಳುವ ಮೊದಲೇ ಪಾರವ್ವ, ಮೊದಲು ಯಾವುದಿತ್ತೋ ಅದೇ ಬೂದು ಬಣ್ಣ ಎಂದಳು.

ಗಾಡಿ ಒಂದೊಂದು ಅಂಗ ಪಡೆದು ಎದ್ದು ನಿಲ್ಲುತ್ತ ಬಂದ ಹಾಗೆ ನನ್ನ ಊಟ ನಿದ್ದೆ ಕಡಿಮೆಯಾಯಿತು. ಇದು ಕೆಡದೆ ಉಳಿದರೆ ಅವಳು ಹೊಡೆಯುತ್ತಾಳೆ. ಹೊಡೆದರೆ ಗುಡ್ಡದ ದಾರಿಯಲ್ಲೇ ಹೊಡೆಯುತ್ತಾಳೆ. ಮೊದಲ ಸಲ ದೇವಿಗೆ ಹೋಗಿ ಬರಬೇಕೆಂದು ಅವಳ ಹರಕೆಯಿತ್ತು. ಅಷ್ಟರೊಳಗೆ ಹೇಳಿಬಿಡಬೇಕೆಂದು ಬಸ್ಸು ಹತ್ತುವಾಗ ದಿನವೂ ನಿಶ್ಚಯಿಸುತ್ತಿದ್ದೆ. ಬಸ್ಸು ಇಳಿಯುವಾಗ ಧೈರ್ಯ ಇಳಿದು ಹೋಗಿರುತ್ತಿತ್ತು.

ಕೆಲಸ ಮುಗಿಯಲು ನಾಲ್ಕು ದಿನ ಇರುವಾಗ ಪಾರವ್ವ ಒಳಗಿನಿಂದ ಒಂದು ಹಳೆಯ ಗಾಲಿಯ ಬರಿ ಚಕ್ರವನ್ನು ಉರುಳಿಸಿಕೊಂಡು ಬಂದಳು. ನೀರಿನ ಕೊಡದ ಅಡಿಗೆ ಇಟ್ಟಿದ್ದಳಂತೆ. ಸ್ಟೆಪ್ನಿಗೆ ಆಗುತ್ತದೇನು ನೋಡಿ ಎಂದು ನನ್ನ ಮುಂದೆ ಮಲಗಿಸಿದಳು. ನೋಡಿದ ಕೂಡಲೇ ಗೊತ್ತಾಯಿತು. ನಟ್ಟು ಬಿಗಿಯುವ ಐದು ತೂತುಗಳು ದುಂಡಗಿರಲಿಲ್ಲ. ಮೊಟ್ಟೆಯಂತೆ ಉದ್ದವಾಗಿ ಎಳೆದುಕೊಂಡಿದ್ದವು. ಕಲ್ಲಿಗೆ ಬಡಿದು ಗಾಲಿ ಮುರಿದರೆ ತೂತು ಹಾಗಾಗುವುದಿಲ್ಲ. ಸಡಿಲ ನಟ್ಟಿನ ಮೇಲೆ ಕುಣಿಯುತ್ತ ಓಡಿದರೆ ಮಾತ್ರ ಹಾಗಾಗುತ್ತದೆ. ಇದನ್ನು ಓದಲು ವಿಚಾರಣಾಧಿಕಾರಿ ಬೇಕಿಲ್ಲ, ಆರು ತಿಂಗಳು ಕೆಲಸ ಕಲಿತವನೂ ಓದುತ್ತಾನೆ.

"ಉಳಿದ ಗಾಲ್ಯಾಗ ತೂತು ದುಂಡಗ ಅದಾವು. ಇದರಾಗ ಯಾಕ ಹಿಂಗ ಅದಾವ್ರಿ? ನಮ್ಮನಿಯವರು ಕುಂತ ಕುಂತಲ್ಲೇ ಇದರಾಗ ಬೆರಳ ಹಾಕಿ ನೋಡತಿದ್ರು. ಏನಂತ ಕೇಳಿದ್ರ ಹೇಳತಿರಲಿಲ್ಲ. ಒಗೀಬ್ಯಾಡ ಅಂದಿದ್ರು ಅಷ್ಟ."

"ತುಕ್ಕು ತಿಂದದ," ಎಂದೆ. "ಇದು ಬ್ಯಾಡ, ಬ್ಯಾರೆ ತರೋಣು."

ಆಸ್ಪತ್ರೆಯಲ್ಲಿ ಹೇಳಿದ್ದು ತಿಳಿಯದೆ ಹೇಳಿದ್ದು. ಇದು ತಿಳಿದು ಹೇಳಿದ್ದು. ಗಾಡಿಯನ್ನು ಅವನು ಯಾಕೆ ಕೊಂಡನೆಂದೂ ಅವತ್ತೇ ಹೊಳೆಯಿತು. ಕಾಲಿಲ್ಲದ ಮನುಷ್ಯ ಆ ಐದು ತೂತುಗಳನ್ನು ಇಟ್ಟುಕೊಂಡು ಕೂತಿದ್ದ. ಭಟ್ಟರ ಮಾತನ್ನು ನಂಬಬೇಕೋ ತನ್ನ ಬೆರಳನ್ನು ನಂಬಬೇಕೋ ತಿಳಿಯದೆ ಸತ್ತಿರಬೇಕು.

ಗುಡ್ಡಕ್ಕೆ ಹೊರಟ ದಿನ ನಾನು ಬೆಳಗ್ಗೆ ಬೇಗ ಹೋಗಿ ಇಪ್ಪತ್ತೂ ನಟ್ಟುಗಳನ್ನು ಬಿಗಿದೆ. ಈಗ ಬಂದಿರುವ ಟಕ್ ಎಂದು ಸದ್ದು ಮಾಡುವ ಪಾನಾ ಸಾಲ ತಂದಿದ್ದೆ. ಟಕ್ ಎಂದರೆ ಬಿಗಿತ ಸರಿಯಾಯಿತೆಂದು ಅರ್ಥ. ಇಪ್ಪತ್ತು ಸಲ ಟಕ್ ಅಂದಿತು. ನಂಬಿಕೆ ಬರದೆ ಹಳೆಯ ಪಾನಾದಿಂದ ಇನ್ನೊಮ್ಮೆ ನೋಡಿದೆ. ಸವದತ್ತಿಯಲ್ಲಿ ಇಳಿದು ನೋಡಿದೆ. ಗುಡ್ಡದ ಮೇಲೆ ಅವಳು ದರ್ಶನಕ್ಕೆ ಹೋದಾಗ ಮತ್ತೆ ನೋಡಿದೆ. ಅವಳು ಕೈಯಲ್ಲಿ ಭಂಡಾರದ ಪೊಟ್ಟಣ ಹಿಡಿದು ಬಂದಾಗ ನಾನು ಹಿಂದಿನ ಎಡಗಾಲಿಯ ಮುಂದೆ ಮಣ್ಣಿನಲ್ಲಿ ಕೂತಿದ್ದೆ.

"ಎಷ್ಟ ಸಲಾ ನೋಡ್ತೀರಿ ಭಟ್ರ?"

ಕೂತಲ್ಲೇ ಹೇಳಿದೆ. ಮುಹೂರ್ತ, ಜಾಕು, ಮಡಿ, ಬೊಟ್ಟು, ಮರುವರ್ಷ ನೆನಪಾದದ್ದು, ಇಪ್ಪತ್ತು ವರ್ಷ ಸುಮ್ಮನಿದ್ದದ್ದು, ನಾಲ್ಕು ದಿನದ ಹಿಂದೆ ತುಕ್ಕು ಎಂದದ್ದು. ಹೇಳುವಾಗ ಅವಳ ಮುಖ ನೋಡಲಿಲ್ಲ, ಅವಳ ಕಾಲುಂಗುರವಿಲ್ಲದ ಬೆರಳುಗಳನ್ನು ನೋಡುತ್ತಿದ್ದೆ. ಅವು ಅಲುಗಲಿಲ್ಲ. ಮುಗಿದ ಮೇಲೆ ಅವಳು ನನ್ನ ಕೈಯಿಂದ ಪಾನಾ ತೆಗೆದುಕೊಂಡು ನಾಲ್ಕೂ ಗಾಲಿಗಳ ಸುತ್ತ ಹೋಗಿ ಒಂದೊಂದೇ ನಟ್ಟಿಗೆ ಹಾಕಿ ಮೈಭಾರ ಬಿಟ್ಟು ನೋಡಿದಳು. ಒಂದೂ ತಿರುಗಲಿಲ್ಲ. ಹತ್ತಿ ಕೂತು ಗಾಡಿ ಚಾಲೂ ಮಾಡಿದಳು. ನಾನೂ ಹತ್ತಿದೆ.

ಇಳಿಜಾರಿನಲ್ಲಿ ನಾನು ಪಕ್ಕದ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದಿದ್ದೆ. ಪ್ರತಿ ಸಣ್ಣ ಸದ್ದಿಗೂ ಹಿಂದಿನ ಗಾಲಿಯ ಕಡೆ ಕತ್ತು ತಿರುಗಿಸುತ್ತಿದ್ದೆ. ಆ ತಿರುವಿನಲ್ಲಿ ಅವಳು ಗಾಡಿ ನಿಲ್ಲಿಸಿದಳು. ಇಳಿದು ನಾಲ್ಕೂ ಗಾಲಿಗಳ ನಡುವಿಗೆ ಅಂಗೈ ಇಟ್ಟು ಬೇರಿಂಗ್ ಕಾದಿದೆಯೇ ಎಂದು ನೋಡಿದಳು. ಅದನ್ನು ಕಲಿಸಿದವನು ನಾನೇ. ವಾಪಸು ಬಂದು ಸ್ಟೇರಿಂಗ್ ಹಿಡಿದು ಎದುರಿನ ರಸ್ತೆ ನೋಡುತ್ತ ಹೇಳಿದಳು.

"ನಮ್ಮನಿಯವರ ಕಾಗದದಾಗ ಅಜಾಗರೂಕತೆ ಅಂತ ಬರದಾರ. ಆ ಶಬ್ದ ಓದಾಕ ಅವರು ಸಾಲಿ ಮಾಸ್ತರ ಕಡೆ ಹೋಗಿದ್ರು, ಅರ್ಥ ಕೇಳಾಕ. ನೀವು ನನಗ ಹೇಳಿದ್ರಿ, ಹೇಳಿ ಹಗುರಾದ್ರಿ. ಅದನ್ನ ಆಫೀಸಿಗೆ ಬರದು ಕೊಡ್ರಿ. ಆಮ್ಯಾಲೆ ನನ್ನ ಕೂಡ ಮಾತಾಡ್ರಿ."

ಸವದತ್ತಿಯ ಬಸ್ ನಿಲ್ದಾಣದ ಮುಂದೆ ನನ್ನನ್ನು ಇಳಿಸಿ ಹೋದಳು.

ಪತ್ರ ಬರೆಯಲು ಹನ್ನೊಂದು ದಿನ ಹಿಡಿಯಿತು. ಪೆನ್ಶನ್ ನಿಂತರೆ ಏನು ಗತಿ ಎಂಬ ಅಂಜಿಕೆ ಮೊದಲ ಸಾಲಿನಲ್ಲೇ ಕೈ ಹಿಡಿಯುತ್ತಿತ್ತು. ಕೊನೆಗೆ ಹೆಂಡತಿಯ ಮುಂದೆ ಎಲ್ಲ ಹೇಳಿದೆ. ಅವಳು ಅತ್ತಳು. ಆಮೇಲೆ ಬಿಳಿ ಹಾಳೆ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಪತ್ರದ ಜೊತೆ ಗಾಲಿಯ ಫೋಟೋ ಇಟ್ಟು, ಗಾಲಿ ಬೇಕಾದರೆ ತಂದು ತೋರಿಸುತ್ತೇನೆ ಎಂದು ಬರೆದು, ಕಚೇರಿಯಲ್ಲಿ ಕೊಟ್ಟು ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡೆ. ಒಂದು ಪ್ರತಿಯನ್ನು ಪಾರವ್ವನಿಗೆ ಅಂಚೆಯಲ್ಲಿ ಕಳಿಸಿದೆ. ಕಚೇರಿಯಿಂದ ಇನ್ನೂ ಉತ್ತರ ಬಂದಿಲ್ಲ. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಈಗಲೂ ಎದ್ದು ಬಾಗಿಲಿಗೆ ಹೋಗುತ್ತೇನೆ.

ಈ ವರ್ಷ ಖಂಡೆ ಪೂಜೆಯ ಹಿಂದಿನ ದಿನ ಅವಳ ಫೋನ್ ಬಂತು. "ನಾಳೆ ಬರ್ರಿ. ಪಾನಾ ತರ್ರಿ," ಎಂದು ಇಟ್ಟುಬಿಟ್ಟಳು.

ಹಿತ್ತಲಲ್ಲಿ ಪಿಕಪ್ ತೊಳೆದು ನಿಂತಿತ್ತು. ಬಾನೆಟ್ಟಿಗೆ ಚೆಂಡುಹೂವಿನ ಮಾಲೆ, ಗಾಲಿಗಳ ಕೆಳಗೆ ಲಿಂಬೆಹಣ್ಣು. ಚಾಪೆಯ ಮೇಲೆ ಪೂಜೆಗೆ ಸಲಿಕೆ, ಕುಡುಗೋಲು, ತಕ್ಕಡಿ, ಜಾಕು ಇಟ್ಟಿದ್ದಳು. ಅವುಗಳ ನಡುವೆ ಫಕೀರಪ್ಪನ ಕಂಕುಳಕೋಲೂ ಇತ್ತು. ನಾನು ಚೀಲದಿಂದ ಮಡಿ ಪಂಚೆ ತೆಗೆಯಲು ಹೋದೆ. ಅವಳು ತಡೆದಳು.

"ಮಂತ್ರ ಆಮ್ಯಾಲೆ. ಮೊದಲ ಗಾಲಿ."

ಇಪ್ಪತ್ತೂ ನಟ್ಟುಗಳನ್ನು ಬಿಗಿದೆ. ನಾನು ಬಿಟ್ಟ ಪಾನಾ ಹಿಡಿದು ಅವಳು ಇಪ್ಪತ್ತನ್ನೂ ನೋಡಿದಳು. ಆಮೇಲೆ ಒಳಗೆ ಹೋಗಿ ಭಂಡಾರದ ತಟ್ಟೆ ತಂದಳು. ಎಷ್ಟೋ ವರ್ಷಗಳ ರೂಢಿಯಿಂದ ನನ್ನ ಕೈ ತಟ್ಟೆಯ ಕಡೆ ಹೋಯಿತು. ಅವಳು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ಹಿಂದಿನ ಎಡಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತನ್ನ ಬೆರಳಿನಿಂದ ಒಂದೊಂದೇ ನಟ್ಟಿಗೆ ಬೊಟ್ಟು ಇಟ್ಟಳು. ಬಿಗಿ ನೋಡಿದವಳು ಅವಳೇ, ಬೊಟ್ಟೂ ಅವಳದೇ ಆಗಬೇಕಿತ್ತು. ನಾಲ್ಕೂ ಗಾಲಿ ಮುಗಿಸಿ ಎದ್ದು, ಉಳಿದ ಭಂಡಾರವನ್ನು ಕಂಕುಳಕೋಲಿಗೆ ಹಚ್ಚಿ ನನ್ನ ಕಡೆ ತಿರುಗಿದಳು.

"ಈಗ ಮಂತ್ರಾ ಹೇಳ್ರಿ," ಎಂದಳು.

ಕೈ ತೊಳೆದು, ಮಡಿ ಉಟ್ಟು ಬಂದು ನಿಂತೆ. ಮಂತ್ರ ಹೇಳಿದೆ. ನಡುವೆ ಎಲ್ಲೂ ತಪ್ಪಲಿಲ್ಲ.